ಸೋಸಲೆಯ ಯಾತ್ರೆಯೂ ಶುಶ್ರೂಷೆಯ ವಿಚಾರವೂ

ನಂಜನಗೂಡಿಗೆ ದಕ್ಷಿಣಕಾಶಿಯೆಂಬ ಹೆಸರುಂಟು. ಕಪಿಲೆಯ ತೀರದಲ್ಲಿ ನೆಲಸಿರುವ ಶ್ರೀಕಂಠೇಶ್ವರನನ್ನು ಮೈಸೂರು ಸೀಮೆಯ ಜನರು ದೇವರೆಂದು ಪೂಜಿಸುವಂತೆಯೇ ವೈದ್ಯನೆಂದೂ ನಂಬುವರು. ಟೀಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದೆ ಹೋದಾಗ ಇಲ್ಲಿ ಸೇವೆ ಮಾಡಿಸಲು ಗುಣವಾಯಿತೆಂದೂ, ಅಂದಿನಿಂದ ಈ ಸ್ವಾಮಿಗೆ 'ಹಕೀಂ ನಂಜುಂಡ'ನೆಂಬ ಹೆಸರು ಬಂದಿತೆಂದೂ ಐತಿಹ್ಯ. ಉರುಳುಸೇವೆಗೆ ಬಂದವರು, ಮುಡಿ ಒಪ್ಪಿಸಲು ಬಂದವರು, ರೋಗಿಯಾದ ಮಗುವನ್ನು ಹೆಗಲ ಮೇಲೆ ಹೊತ್ತು ಬಂದವರು ಆ ಪ್ರಾಕಾರದಲ್ಲಿ ಯಾವ ದಿನವೂ ಕಾಣುವರು. 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದುದೂ ಇದೇ ಊರಿನಲ್ಲಿ; ಅಲ್ಲಿಯ ಹಲ್ಲುಪುಡಿ ಕನ್ನಡನಾಡಿನ ಬಚ್ಚಲುಮನೆಗಳಿಗೆಲ್ಲ ಪರಿಚಿತವಾಯಿತು. ಹೀಗೆ ರೋಗವೆಂದೊಡನೆ ನಂಜನಗೂಡನ್ನು ನೆನೆಯುವುದು ಈ ಸೀಮೆಯ ವಾಡಿಕೆ. ಆದರೆ ನೆನಪೇ ಅಳಿದುಹೋಗುವ ರೋಗವೊಂದುಂಟು. ಅದು ಬಂದವರನ್ನು ಎಲ್ಲಿಡಬೇಕು, ಹೇಗೆ ನೋಡಿಕೊಳ್ಳಬೇಕು? ನಂಜನಗೂಡಿನಿಂದ ಸೋಸಲೆಯವರೆಗೆ ನಾವು ಮಾಡಿದ ಸಣ್ಣದೊಂದು ಪ್ರಯಾಣದ ವೃತ್ತಾಂತದೊಡನೆ ಈ ಪ್ರಶ್ನೆಯನ್ನೂ ವಾಚಕರ ಮುಂದಿಡುವೆವು.

ನಂಜನಗೂಡನ್ನು ಬಿಟ್ಟು ತಿರುಮಕೂಡಲು ನರಸೀಪುರದ ಕಡೆಗೆ ಸಾಗಿದರೆ ನಾಲೆಯ ನೀರುಂಡ ಗದ್ದೆಗಳೂ ತೆಂಗಿನ ತೋಟಗಳೂ ಕಣ್ಣಿಗೆ ಹಬ್ಬವಾಗುವುವು. ಕೊಡಗಿನಿಂದ ಬಂದ ಕಾವೇರಿಯೂ ವಯನಾಡಿನ ಬೆಟ್ಟಗಳಿಂದ ಇಳಿದುಬಂದ ಕಪಿಲೆಯೂ ನರಸೀಪುರದಲ್ಲಿ ಕೂಡುವುವು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನು ಮೂರನೆಯದಾಗಿ ಎಣಿಸಿ ಈ ಸ್ಥಳವನ್ನು ತ್ರಿವೇಣಿಯೆನ್ನುವರು. ಸಂಗಮದ ಬಳಿ ಅಗಸ್ತ್ಯೇಶ್ವರನ ಗುಡಿಯುಂಟು. 1989ರಿಂದ ಇಲ್ಲಿ ಕುಂಭಮೇಳವೂ ನಡೆದುಬಂದಿದೆ. ಊರಿನ ಗುಂಜಾ ನರಸಿಂಹಸ್ವಾಮಿಯ ವಿಚಾರವಂತೂ ಬಹು ಸ್ವಾರಸ್ಯವಾದುದು. ಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿಯಿದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂಬುದು ಅದರ ಅರ್ಥವಂತೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿ ಅತಿ ಸಣ್ಣ ತೂಕ. ಆದರೂ ಎರಡು ತಟ್ಟೆಗಳು ಸಮನಾಗಿ ನಿಂತಾಗ ಯಾವುದು ಕೆಳಗಿಳಿಯಬೇಕೆಂಬುದನ್ನು ಆ ಒಂದು ಕಾಳೇ ತೀರ್ಮಾನಿಸುವುದು. ಈ ಮಾತು ಮುಂದೆ ನಮ್ಮ ಉಪಯೋಗಕ್ಕೆ ಬರುವುದರಿಂದ ವಾಚಕರು ನೆನಪಿನಲ್ಲಿಡಬೇಕು.

ಸೋಸಲೆ ನರಸೀಪುರಕ್ಕೆ ಅತಿ ಸಮೀಪದ ಗ್ರಾಮ. ದ್ವೈತ ಸಂಪ್ರದಾಯವನ್ನು ಬಲ್ಲವರಿಗೆ ಈ ಹೆಸರು ಕೇಳಿದೊಡನೆ ವ್ಯಾಸರಾಜ ಮಠವು ನೆನಪಾಗುವುದು. ವಿಜಯನಗರದ ಕಾಲದಲ್ಲಿ ಪ್ರಖ್ಯಾತರಾದ ವ್ಯಾಸತೀರ್ಥರ ಪರಂಪರೆ ಇದು. ಆ ಯತಿಗಳು ಜನಿಸಿದ ಬನ್ನೂರೂ ಇದೇ ತಾಲ್ಲೂಕಿಗೆ ಸೇರಿದುದು. ನಮ್ಮಂತಹ ಉಪಾಧ್ಯಾಯರಿಗೆ ಸೋಸಲೆಯೆಂದರೆ ಮತ್ತೊಂದು ಕಾರಣದಿಂದಲೂ ಗೌರವ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಗರಳಪುರಿ ಶಾಸ್ತ್ರಿಗಳ ಮನೆತನ ಇಲ್ಲಿಯದು. ಗರಳಪುರಿಯೆಂದರೆ ನಂಜನಗೂಡೇ ಎಂಬುದು ಸಂಸ್ಕೃತ ಬಲ್ಲವರಿಗೆ ಒಡನೆ ಹೊಳೆಯುವುದು. ಅವರ ಪುತ್ರರೇ ಅಯ್ಯಾಶಾಸ್ತ್ರಿಗಳು (1854–1934). ಕಾಳಿದಾಸನ ನಾಟಕವನ್ನು ಕನ್ನಡಿಸಿದ ಆ ಪಂಡಿತರು ಮಕ್ಕಳಿಗಾಗಿ ಒಂದು ಪ್ರಾರ್ಥನೆಯನ್ನೂ ರಚಿಸಿದರು. ಕನ್ನಡ ಶಾಲೆಗಳಲ್ಲಿ ತಲೆಮಾರುಗಳ ಮಕ್ಕಳು ಬೆಳಗ್ಗೆ ಕೈಮುಗಿದು ಹಾಡಿದ ಪ್ರಾರ್ಥನೆ ಅದು. ನಮ್ಮ ವಾಚಕರಲ್ಲಿ ಅರುವತ್ತು ದಾಟಿದವರು ಯಾರೂ ಅದನ್ನು ಮರೆತಿರಲಾರರು.

ನಮ್ಮನ್ನು ಸೋಸಲೆಗೆ ಕರೆಸಿಕೊಂಡವನು ನಮ್ಮ ಹಳೆಯ ಶಿಷ್ಯರಲ್ಲೊಬ್ಬ. ಈಗ ಅವನಿಗೂ ತಲೆ ನರೆತಿದೆ. ಅವನ ತಾಯಿಗೆ ಎಂಬತ್ತು ದಾಟಿದೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದರಿಂದ ಮೊದಲಾದದ್ದು, ಹೇಳಿದ್ದನ್ನೇ ಹೇಳುವುದಾಯಿತು. ಆಮೇಲೆ ಹುಟ್ಟಿ ಬೆಳೆದ ಬೀದಿಯಲ್ಲೇ ದಾರಿ ತಪ್ಪುವುದಾಯಿತು. ಈಗ ಮಗನನ್ನು ಅಣ್ಣನೆಂದು ತಿಳಿದು ಮಾತನಾಡುವರು. ವೈದ್ಯರು ಪರೀಕ್ಷಿಸಿ, ಇದು ಆಲ್ಝೈಮರ್ ಎಂಬ ರೋಗವೆಂದು ಹೇಳಿರುವರಂತೆ.

ನಾವು ಹೋದ ದಿನ ದೀಪ ಹಚ್ಚುವ ಹೊತ್ತಿಗೆ ಆ ವೃದ್ಧೆ ಸೆರಗನ್ನು ಸರಿಪಡಿಸಿಕೊಂಡು ಬಾಗಿಲಿಗೆ ಬಂದರು. "ಕತ್ತಲಾಯ್ತು. ನಮ್ಮಮ್ಮ ಕಾಯ್ತಿರ್ತಾಳೆ. ನಾನು ಮನೆಗೆ ಹೋಗ್ಬೇಕು" ಎಂದರು. ಅವರ ತಾಯಿ ತೀರಿಕೊಂಡು ನಲವತ್ತು ವರ್ಷಗಳಾಗಿವೆ. ಮಗನು "ಇದೇ ನಿನ್ನ ಮನೆ ಅಲ್ವೇನಮ್ಮಾ" ಎಂದು ಎರಡು ಸಲ ಹೇಳಿ, ಮೂರನೆಯ ಸಲ ದನಿಯೇರಿಸಿದ. ಆಕೆಯ ಮುಖದಲ್ಲಿ ಅಂಜಿಕೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಸೊಸೆ ಅಡಿಗೆಮನೆಯಿಂದ ಕೈಯೊರಸಿಕೊಳ್ಳುತ್ತ ಬಂದು, "ಬನ್ನಿ ಅತ್ತೆ, ನಾನೂ ಬರ್ತೀನಿ" ಎಂದು ತೋಳು ಹಿಡಿದುಕೊಂಡಳು. ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಹೋದರು. ದಾರಿಯಲ್ಲಿ ಅವಳು, "ನಿಮ್ಮಮ್ಮ ಇವತ್ತು ಏನು ಅಡಿಗೆ ಮಾಡಿರ್ತಾರೆ ಅತ್ತೆ?" ಎಂದು ಕೇಳಿದಳಂತೆ, ಆಕೆ ಅವರೆಕಾಳಿನ ಸಾರಿನಿಂದ ಮೊದಲುಮಾಡಿ ತೌರುಮನೆಯ ಹಿತ್ತಲು, ಬಾವಿ, ಕೊಟ್ಟಿಗೆ ಎಲ್ಲವನ್ನೂ ವರ್ಣಿಸಿದರಂತೆ. ಹಿಂದಿರುಗಿ ಅದೇ ಜಗಲಿಯನ್ನು ಹತ್ತುವಾಗ ಸೊಸೆ "ಬಂದ್ವಿ ನೋಡಿ" ಎಂದಳು. ಆಕೆ ನೆಮ್ಮದಿಯಿಂದ ಒಳಗೆ ಹೋಗಿ ಕುಳಿತರು.

ಊಟವಾದ ಮೇಲೆ ನಾವು ಅಯ್ಯಾಶಾಸ್ತ್ರಿಗಳ ಪ್ರಾರ್ಥನೆಯನ್ನು ಮೆಲ್ಲನೆ ಹಾಡತೊಡಗಿದೆವು. ಎರಡನೆಯ ಸಾಲಿಗೆ ಆಕೆಯ ದನಿಯೂ ಕೂಡಿತು; ಕಡೆಯವರೆಗೆ ಒಂದಕ್ಷರವೂ ತಪ್ಪಲಿಲ್ಲ. ಮಗನ ಹೆಸರು ಮರೆತ ಬಾಯಿಯಲ್ಲಿ ಪಾಠಶಾಲೆಯ ಹಾಡು ಹಾಗೆಯೇ ಉಳಿದಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಈ ರೋಗವು ನಿನ್ನೆ ಮೊನ್ನೆಯ ನೆನಪನ್ನು ಮೊದಲು ಕಬಳಿಸುವುದು. ಬಾಲ್ಯದಲ್ಲಿ ತಾಳಸಹಿತವಾಗಿ ಸಾವಿರ ಸಲ ಹಾಡಿದ್ದು ಬಹುಕಾಲ ನಿಲ್ಲುವುದು. ವೈದ್ಯರು ಇದನ್ನು ಬಲ್ಲರು. ಒಳ್ಳೆಯ ಆರೈಕೆಯ ಮನೆಗಳಲ್ಲಿ ಹಾಡಿಗೆ ದಿನಚರಿಯಲ್ಲಿ ಸ್ಥಳವಿರುವುದು ಈ ಕಾರಣದಿಂದಲೇ.

ಆಕೆ ಮಲಗಿದ ಮೇಲೆ ಶಿಷ್ಯನು ತನ್ನ ಮನಸ್ಸಿನ ಮಾತನ್ನು ಹೊರಗೆಡವಿದ. "ಮೇಷ್ಟ್ರೇ, ಇವಳು ತೌರಿಗೆ ಹೋಗಿ ಎರಡು ವರ್ಷವಾಯಿತು. ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ಅಮ್ಮನನ್ನು ಯಾವುದಾದರೂ ಆರೈಕೆ ಕೇಂದ್ರಕ್ಕೆ ಸೇರಿಸೋಣವೆಂದರೆ ಊರವರು ಏನೆಂದಾರು? ಅದು ಪಾಪವಲ್ಲವೆ?" ಎಂದು ಕೇಳಿದ. ಮನೆಯಲ್ಲಿಟ್ಟುಕೊಂಡ ಮಾತ್ರಕ್ಕೆ ಪುಣ್ಯವೂ ಇಲ್ಲ, ತಿಳಿದವರ ಕೈಗೆ ಒಪ್ಪಿಸಿದ ಮಾತ್ರಕ್ಕೆ ಪಾಪವೂ ಇಲ್ಲ. ಎಲ್ಲಿದ್ದರೂ ಹೇಗೆ ನಡೆಸಿಕೊಳ್ಳುವರೆಂಬುದೇ ಮುಖ್ಯ, ಎಂದು ನಾವು ಉತ್ತರವಿತ್ತೆವು. ಆ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಬರೆಯುವುದು ಅನೇಕ ಗೃಹಸ್ಥರಿಗೆ ಉಪಯೋಗವಾದೀತೆಂದು ತೋರುವುದು.

ಅರುವತ್ತಕ್ಕೆ ಅರಳುಮರಳು ಎಂಬುದು ನಮ್ಮವರ ಗಾದೆ. ಅರುವತ್ತನ್ನು ಮುಟ್ಟಿರುವ ನಾವು ಈ ಗಾದೆಯನ್ನು ಕೊಂಚ ಎಚ್ಚರಿಕೆಯಿಂದಲೇ ಕೇಳುವೆವು. ವಯಸ್ಸಾದವರಿಗೆಲ್ಲ ಬುದ್ಧಿ ಕೆಡುವುದೆಂಬ ಅರ್ಥದಲ್ಲಿ ಇದು ಸುಳ್ಳು. ಸ್ಮೃತಿಭ್ರಂಶವು, ಅಂದರೆ ಈಗಿನವರು ಡಿಮೆನ್ಷಿಯಾ ಎನ್ನುವುದು, ಮಿದುಳಿನ ರೋಗಗಳಿಂದ ಬರತಕ್ಕುದು. ಮುಪ್ಪಿನ ಸಹಜ ಲಕ್ಷಣವಲ್ಲ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯ್ಸ್ ಆಲ್ಝೈಮರನು ಈ ಬಗೆಯ ಒಬ್ಬ ರೋಗಿಣಿಯ ಮಿದುಳಿನಲ್ಲಿ ಕಂಡ ವಿಕಾರಗಳನ್ನು ವಿವರಿಸಿದನು; ಇದಕ್ಕೆ ಕಾರಣವಾದ ರೋಗಗಳಲ್ಲಿ ಅತಿ ಸಾಮಾನ್ಯವಾದುದಕ್ಕೆ ಅವನ ಹೆಸರೇ ನಿಂತಿತು. 2021ರ ಲೆಕ್ಕದಂತೆ ಲೋಕದಲ್ಲಿ ಸುಮಾರು 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ 7.4ರಂತೆ ಸುಮಾರು 88 ಲಕ್ಷ ಮಂದಿಗೆ ಇದು ಇರುವುದೆಂದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು ಅಂದಾಜು ಮಾಡಿತು. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಓದಿದವರಿಗಿಂತ ಓದದವರಲ್ಲಿ ಇದರ ಪ್ರಮಾಣ ಹೆಚ್ಚೆಂದೂ ಅದರಿಂದ ತಿಳಿದುಬಂದಿತು. ಆದುದರಿಂದ ಇದು ಪಟ್ಟಣದವರ ರೋಗ, ನಮ್ಮ ಹಳ್ಳಿಗೆ ಬಾರದು, ಎಂದು ಯಾರೂ ನೆಚ್ಚಿಕೊಂಡಿರಲಾಗದು.

ಅರಳುಮರಳೆಂದು ನಕ್ಕು ಬಿಟ್ಟುಬಿಡುವುದರಿಂದ ಮತ್ತೊಂದು ಹಾನಿಯುಂಟು. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ತ್ವದ ಕೊರತೆ, ಬಿದ್ದಾಗ ತಲೆಯೊಳಗೆ ಕಟ್ಟಿಕೊಂಡ ರಕ್ತ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವೆಲ್ಲವೂ ಮರೆವಿನ ರೂಪದಲ್ಲಿ ತೋರಿಕೊಳ್ಳಬಲ್ಲುವು, ಇವುಗಳಿಗೆ ಚಿಕಿತ್ಸೆಯಿದೆ. ನೆನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಒಂದೆರಡು ದಿನಗಳಲ್ಲಿ ಗಲಿಬಿಲಿಗೊಂಡರೆ, ಮೂತ್ರದ ಸೋಂಕೋ ಇನ್ನಾವ ಜ್ವರವೋ ಇರಬಹುದೆಂದು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೂ ಕರ್ನಾಟಕ ಸರ್ಕಾರವೂ ಕೂಡಿ 2022ರ ಜನವರಿಯಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ಒಂದು ಯೋಜನೆಯನ್ನು ಮೊದಲುಮಾಡಿದುವು. ಇಂತಹ ರೋಗಗಳನ್ನು ಆಸ್ಪತ್ರೆಗಳಲ್ಲಿ ಬೇಗನೆ ಗುರುತಿಸುವುದು ಅದರ ಉದ್ದೇಶ.

ಈಗ ಆರೈಕೆಯ ಮನೆಗಳ ವಿಚಾರ. ಹಿಂದೆ ಪಟ್ಟಣವೊಂದರಲ್ಲಿ ಅಂತಹ ಒಂದು ಮನೆಯನ್ನು ನಾವು ಕಂಡಿದ್ದೆವು. ನೆಲ ಥಳಥಳಿಸುತ್ತಿತ್ತು, ಗೋಡೆಗೆ ಹೊಸ ಬಣ್ಣ ಬಳಿದಿತ್ತು, ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಹನ್ನೆರಡು ಮಂದಿ ವೃದ್ಧರು ಟೆಲಿವಿಷನ್ ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತಿದ್ದರು. ಅವರಲ್ಲಿ ಅದನ್ನು ನೋಡುತ್ತಿದ್ದವರು ಯಾರೂ ಇರಲಿಲ್ಲ. ಒಬ್ಬರನ್ನು, ಬೀಳದಿರಲಿ ಎಂಬ ನೆವದಿಂದ, ಟವಲಿನಿಂದ ಕುರ್ಚಿಗೆ ಕಟ್ಟಿದ್ದರು. ಪರಿಚಾರಕನು ಅವರನ್ನು ಕರೆಯುತ್ತಿದ್ದುದು ಮಂಚದ ನಂಬರಿನಿಂದ. "ರಾತ್ರಿ ಗಲಾಟೆಯಿಲ್ಲ ಸ್ವಾಮಿ, ಎಲ್ಲರಿಗೂ ಮಾತ್ರೆ ಕೊಟ್ಟುಬಿಡುತ್ತೇವೆ" ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ಇನ್ನೊಂದು ಊರಿನಲ್ಲಿ ನೋಡಿದ ಮನೆ ಇದಕ್ಕಿಂತ ಹಳೆಯದು, ಇಕ್ಕಟ್ಟಾದುದು. ಆದರೆ ಪ್ರತಿಯೊಬ್ಬರ ಕೊಠಡಿಯ ಬಾಗಿಲಿಗೆ ಅವರ ಯೌವನದ ಪಟವೊಂದನ್ನು ತಗುಲಿಸಿದ್ದರು. ನಿವೃತ್ತ ದರ್ಜಿಯೊಬ್ಬನಿಗೆ ಬಟ್ಟೆಯ ತುಂಡುಗಳನ್ನು ಕೊಟ್ಟು ಮಡಿಸಲು ಹೇಳಿದ್ದರು. ಅಜ್ಜಿಯರು ಕರಿಬೇವು ಬಿಡಿಸುತ್ತಿದ್ದರು. ಎರಡು ಮನೆಗಳ ಖರ್ಚಿನಲ್ಲಿ ಅಂತರ ಬಹಳವೇನೂ ಇರಲಿಲ್ಲ. ಅಂತರವಿದ್ದುದು ಒಂದು ಗುಲಗಂಜಿಯ ತೂಕದಷ್ಟು. ತಕ್ಕಡಿಯನ್ನು ವಾಲಿಸಿದುದು ಅದೇ.

ಆ ಗುಲಗಂಜಿ ಯಾವುದೆಂಬುದನ್ನು ನಮ್ಮ ಹಿರಿಯರು ಒಂದು ಶಬ್ದದಲ್ಲಿಯೇ ಹೇಳಿಟ್ಟಿರುವರು. ರೋಗಿಯ ಸೇವೆಗೆ ನಾವು ಶುಶ್ರೂಷೆಯೆನ್ನುವೆವು. ಇದು ಸಂಸ್ಕೃತದ 'ಶ್ರು' ಧಾತುವಿನಿಂದ, ಇಚ್ಛಾರ್ಥದ ಪ್ರತ್ಯಯ ಸೇರಿ ಹುಟ್ಟಿದ ಪದ. ಶ್ರು ಎಂದರೆ ಕೇಳು; ಶುಶ್ರೂಷೆಯೆಂದರೆ ಕೇಳಬೇಕೆಂಬ ಇಚ್ಛೆ. ಸೇವೆಯೆಂಬ ಅರ್ಥ ಬಂದುದು ಆಮೇಲೆ. ಔಷಧ ಕುಡಿಸುವುದು, ಮೈ ತೊಳೆಸುವುದು, ಹಾಸಿಗೆ ಬದಲಿಸುವುದು ಎಲ್ಲವೂ ಅಗತ್ಯವೇ ಸರಿ. ಆದರೆ ಶಬ್ದದ ಬೇರಿನಲ್ಲಿರುವುದು ಕೇಳುವ ಮನಸ್ಸು. ಸ್ಮೃತಿಭ್ರಂಶವಾದವರ ವಿಷಯದಲ್ಲಿ ಈ ಅರ್ಥವು ಅಕ್ಷರಶಃ ಸತ್ಯ. ಅವರ ಮಾತಿಗೆ ತಲೆಬುಡವಿಲ್ಲವೆಂದು ತೋರುವುದು. ಆದರೆ ಹಸಿವು, ನೋವು, ಮಲಬದ್ಧತೆ, ಅಂಜಿಕೆ, ಯಾರೂ ಇಲ್ಲವೆಂಬ ಕಳವಳ, ಇವುಗಳಲ್ಲೊಂದು ಅದರ ಹಿಂದೆ ಇದ್ದೇ ಇರುವುದು. ಸಂಜೆ ಮನೆಗೆ ಹೋಗಬೇಕೆನ್ನುವವರು ಕೇಳುತ್ತಿರುವುದು ಇಟ್ಟಿಗೆಯ ಮನೆಯನ್ನಲ್ಲ. ನಿರ್ಭಯವಾದ ಒಂದು ಎಡೆಯನ್ನು. ಸೋಸಲೆಯ ಆ ಸೊಸೆಗೆ ಇದನ್ನು ಯಾರೂ ಪಾಠ ಹೇಳಿರಲಿಲ್ಲ.

ಪಶ್ಚಿಮದವರು ಇದನ್ನೇ ಶಾಸ್ತ್ರವಾಗಿ ಬೆಳೆಸಿದ್ದಾರೆ. ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ಎಂಬ ಮನಶ್ಶಾಸ್ತ್ರಜ್ಞನು 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಗಕ್ಕಿಂತ ಮೊದಲು ವ್ಯಕ್ತಿಯನ್ನು ಕಾಣಬೇಕೆಂದು ವಾದಿಸಿದನು. ಮಗುವಿನಂತೆ ಕಾಣುವುದು, ಮೋಸದಿಂದ ಸುಮ್ಮನಿರಿಸುವುದು, ಎದುರಿಗೇ ಇಲ್ಲದವರಂತೆ ಅವರ ವಿಷಯ ಮಾತನಾಡುವುದು, ಇವುಗಳಿಂದ ರೋಗಿಯ ಸ್ಥಿತಿ ಇನ್ನಷ್ಟು ಕೆಡುವುದೆಂದು ತೋರಿಸಿದನು. ನೆದರ್ಲೆಂಡ್ಸಿನಲ್ಲಿ 2009ರಲ್ಲಿ ಹೋಗೆವೇಕ್ ಎಂಬ ಸಣ್ಣ ಹಳ್ಳಿಯನ್ನೇ ಇಂತಹವರಿಗಾಗಿ ಕಟ್ಟಿದರು. ಅಲ್ಲಿ ಬೀದಿಯುಂಟು, ಅಂಗಡಿಯುಂಟು, ಉದ್ಯಾನವುಂಟು; ಕೆಲವರೇ ಸೇರಿ ಒಂದೊಂದು ಮನೆಯಲ್ಲಿ ವಾಸಿಸುವರು; ದಾರಿ ತಪ್ಪಿ ದೂರ ಹೋಗುವ ಅಪಾಯವಿಲ್ಲದೆ ಓಡಾಡಬಲ್ಲರು. ಅದನ್ನು ಓದಿದಾಗ ನಮಗೆ ಸೋಸಲೆಯೇ ನೆನಪಾಯಿತು. ಗುರುತಿನ ಜಗಲಿ, ಎದುರುಮನೆಯವರ ದನಿ, ಗುಡಿಯ ಗಂಟೆ, ಇವುಗಳನ್ನು ಅಲ್ಲಿಯವರು ಹಣ ಸುರಿದು ಕಟ್ಟಬೇಕಾಯಿತು. ನಮ್ಮಲ್ಲಿ ಅವು ತಾವಾಗಿಯೇ ಇವೆ. ಆದರೆ ಹಳ್ಳಿಯನ್ನು ಬರಿದೇ ಹೊಗಳುವುದೂ ಸಲ್ಲದು. ಆ ಜಗಲಿಯ ಮುಂದೆಯೇ ಹುಡುಗರು ಅಜ್ಜಿಯನ್ನು ಅಣಕಿಸುವುದನ್ನೂ, ಬಾಗಿಲಿಗೆ ಬೀಗ ಹಾಕಿ ಮನೆಯವರೆಲ್ಲ ಹೊಲಕ್ಕೆ ಹೋಗುವುದನ್ನೂ ನಾವು ಬಲ್ಲೆವು.

ಕಟ್ಟಿಹಾಕುವುದನ್ನೂ ಮಾತ್ರೆಯನ್ನೂ ಕುರಿತು ಎರಡು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ಅಸ್ವಸ್ಥತೆಯ ಲಕ್ಷಣೆಯಲ್ಲಿ ಸ್ಮರಣೆಯ ತೀವ್ರ ದೋಷವನ್ನೂ ಸೇರಿಸಿದೆ. ಅದರಂತೆ ರೋಗಿಗೆ ಸರಪಳಿ ಹಾಕುವುದು ಯಾವ ರೀತಿಯಲ್ಲಿಯೂ ಕೂಡದು. ಒಡನೆ ಒದಗಬಹುದಾದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿದ್ದಷ್ಟು ಹೊತ್ತು ಮಾತ್ರ ತಡೆದಿಡಬಹುದು. ಶಿಕ್ಷೆಗಾಗಲಿ ಸಿಬ್ಬಂದಿಯ ಅನುಕೂಲಕ್ಕಾಗಲಿ ಅಲ್ಲ. ಇನ್ನು ಮನಸ್ಸನ್ನು ಮಂಕುಮಾಡುವ ಔಷಧಗಳು. ಉನ್ಮಾದಕ್ಕೆ ಕೊಡತಕ್ಕ ಕೆಲವು ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಮರಣದ ಸಂಭವ ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿಯೇ ಎಚ್ಚರಿಸಿತು. ಬ್ರಿಟನ್ನಿನಲ್ಲಿ 2009ರಲ್ಲಿ ಸರ್ಕಾರಕ್ಕಾಗಿ ಸಿದ್ಧವಾದ ವರದಿಯಂತೆ, ಅಲ್ಲಿ ಈ ಮಾತ್ರೆಗಳನ್ನು ಸೇವಿಸುತ್ತಿದ್ದ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳಲ್ಲಿ ಪ್ರಯೋಜನ ಪಡೆಯಬಹುದಾಗಿದ್ದವರು 36,000 ಮಂದಿ. ವರ್ಷಕ್ಕೆ 1,800ರಷ್ಟು ಹೆಚ್ಚಿನ ಸಾವುಗಳು ಇದರಿಂದ ಆಗುತ್ತಿದ್ದಿರಬೇಕೆಂದೂ ಅಂದಾಜು ಮಾಡಿದರು. ವೈದ್ಯರು ಕಾರಣವಿದ್ದು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಆದರೆ ಏಕೆ ಕೊಟ್ಟಿದೆ, ಎಷ್ಟು ದಿನಕ್ಕೆ, ಮತ್ತೆ ಪರಿಶೀಲಿಸುವುದೆಂದು, ಎಂದು ಕೇಳುವ ಅಧಿಕಾರ ಮನೆಯವರಿಗುಂಟು.

ಮೈಸೂರಿನಲ್ಲಿ ನಮ್ಮ ಹಿರಿಯರು ಮಿಷನ್ ಆಸ್ಪತ್ರೆಯೆಂದು ಕರೆಯುತ್ತಿದ್ದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಅಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ ಮೊದಲಾದ ವಿವರಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಶಿಶುಗಳು ಮುದುಕರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ, ಅವರ ನೆನಪಿನ ಶಕ್ತಿಯನ್ನು ಪರೀಕ್ಷಿಸಿ, ಹುಟ್ಟಿದಾಗಿನ ಲೆಕ್ಕದೊಡನೆ ಹೋಲಿಸಿ ನೋಡಿದರು. ಒಂದು ಆಸ್ಪತ್ರೆ ಕೂಸಿನ ತೂಕವನ್ನು ಇಷ್ಟು ಕಾಲ ಜೋಪಾನವಾಗಿ ಇಟ್ಟುಕೊಂಡಿದ್ದಿತೆಂಬುದು ನಮಗೆ ಬಹಳ ದೊಡ್ಡ ಮಾತಾಗಿ ತೋರಿತು. ಆರೈಕೆಯ ಮನೆಗೆ ಸೇರುವ ವೃದ್ಧರೊಡನೆ ಅಂತಹ ಒಂದು ಪುಟವಾದರೂ ಹೋಗಬೇಡವೆ? ಅವರನ್ನು ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುವರು, ಯಾವ ವೃತ್ತಿಯಲ್ಲಿದ್ದರು, ಕಾಫಿಗೆ ಸಕ್ಕರೆ ಎಷ್ಟು, ಸ್ನಾನ ಬೆಳಗ್ಗೆಯೋ ಸಂಜೆಯೋ, ಯಾವ ಹಾಡು ಪ್ರಿಯ, ಯಾವುದಕ್ಕೆ ಅಂಜುವರು, ಇಷ್ಟನ್ನು ಮನೆಯವರು ಬರೆದುಕೊಟ್ಟರೆ ನೆನಪನ್ನು ಕಳೆದುಕೊಂಡವರಿಗಾಗಿ ಇತರರು ನೆನಪಿಟ್ಟುಕೊಂಡಂತಾಗುವುದು.

ಆರೈಕೆ ಮಾಡುವವರನ್ನು ಮರೆಯುವುದೂ ನ್ಯಾಯವಲ್ಲ. ಮನೆಯಲ್ಲಾದರೆ ಈ ಭಾರ ಬಹುಮಟ್ಟಿಗೆ ಸೊಸೆಯ ಮೇಲೋ ಮಗಳ ಮೇಲೋ ಬೀಳುವುದು. ಸಂಸ್ಥೆಯಲ್ಲಾದರೆ ಕಡಿಮೆ ಸಂಬಳಕ್ಕೆ ಹಗಲೂ ರಾತ್ರಿಯೂ ದುಡಿಯುವ ಹುಡುಗಿಯರ ಮೇಲೆ ಬೀಳುವುದು. ನಿದ್ದೆಗೆಟ್ಟವರಿಗೆ ತಾಳ್ಮೆಯನ್ನು ಬೋಧಿಸಿ ಫಲವಿಲ್ಲ; ಅವರಿಗೆ ವಿಶ್ರಾಂತಿ ದೊರೆಯುವಂತೆ ಮಾಡಬೇಕು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇಂತಹ ರೋಗಿಗಳಿಗಾಗಿಯೇ ಒಂದು ಕೇಂದ್ರವನ್ನು ತೆರೆಯಿತು. ಆದರೆ ತಾಲ್ಲೂಕಿನ ಊರುಗಳಲ್ಲಿ ಹಗಲು ಹೊತ್ತಿನಲ್ಲಾದರೂ ವೃದ್ಧರನ್ನು ನೋಡಿಕೊಳ್ಳುವ ಏರ್ಪಾಡು ಅಪರೂಪ. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯವಿರಲೆಂದು 2007ರ ಕಾಯಿದೆ ಹೇಳಿತು. ತಂದೆತಾಯಿಗಳನ್ನು ಬೀದಿಪಾಲು ಮಾಡುವವರಿಗೆ ಶಿಕ್ಷೆಯನ್ನೂ ವಿಧಿಸಿತು. ಕಾಯಿದೆ ಸೂರನ್ನು ಕೊಡಿಸಬಲ್ಲುದು. ಕೇಳುವ ಕಿವಿಯನ್ನು ಕೊಡಿಸಲಾರದು. ಸೋಸಲೆಯ ಮನೆಯಲ್ಲಿ ನಾವು ಕೊಟ್ಟ ಮೊದಲನೆಯ ಸಲಹೆ, ನಾದಿನಿಯನ್ನು ಹದಿನೈದು ದಿನ ಕರೆಸಿಕೊಂಡು ಸೊಸೆಯನ್ನು ತೌರಿಗೆ ಕಳುಹಿಸಬೇಕೆಂಬುದು. ಅದರ ನಂತರ ಉಳಿದ ಯೋಚನೆ.

ಆರೈಕೆಯ ಮನೆಯನ್ನು ಹುಡುಕಲೇಬೇಕಾಗಿ ಬಂದ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟು. ಅಮೃತಶಿಲೆಯ ನೆಲವನ್ನೂ ಬಣ್ಣದ ಕರಪತ್ರವನ್ನೂ ನೋಡಿ ಮರುಳಾಗಬೇಡಿ. ರಾತ್ರಿಯ ಹೊತ್ತು ಎಷ್ಟು ಮಂದಿಗೆ ಎಷ್ಟು ಪರಿಚಾರಕರೆಂದು ಕೇಳಿ. ಅವರಿಗೆ ಈ ರೋಗದ ವಿಷಯದಲ್ಲಿ ಶಿಕ್ಷಣ ದೊರೆತಿದೆಯೇ, ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುವರು, ಬಿದ್ದರೆ ಯಾರಿಗೆ ತಿಳಿಸುವರು, ನೀವು ಯಾವ ಹೊತ್ತಿಗೆ ಬಂದರೂ ಒಳಗೆ ಬಿಡುವರೇ, ಎಂಬುದನ್ನು ವಿಚಾರಿಸಿ. ಅಲ್ಲಿರುವವರ ಉಗುರು, ಕನ್ನಡಕ, ಕಟ್ಟುಹಲ್ಲುಗಳನ್ನು ಗಮನಿಸಿ. ಕನ್ನಡಕ ಮಸಕಾಗಿದ್ದರೆ ಅದನ್ನು ಒರಸುವಷ್ಟು ಹತ್ತಿರಕ್ಕೆ ಯಾರೂ ಬಂದಿಲ್ಲವೆಂದು ತಿಳಿಯಬೇಕು. ಸೇರಿಸಿದ ಮೇಲೂ ವಾರಕ್ಕೊಮ್ಮೆಯಾದರೂ ಹೋಗಿ ಬನ್ನಿ. ಅವರಿಗೆ ನಿಮ್ಮ ಗುರುತು ಸಿಕ್ಕದಿದ್ದರೂ ನಿಮಗೆ ಅವರ ಗುರುತಿದೆಯಷ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಚಿತವಾಗಿ ತಿಳಿಸದೆ ದೀಪ ಹಚ್ಚುವ ಹೊತ್ತಿನಲ್ಲಿ ಒಮ್ಮೆ ಹೋಗಿ ಮೂಲೆಯಲ್ಲಿ ಕುಳಿತುಕೊಳ್ಳಿ. ಆ ಹೊತ್ತಿಗೆ ಯಾರಾದರೊಬ್ಬರು ಎದ್ದು ಬಂದು ತಾವು ಮನೆಗೆ ಹೋಗಬೇಕೆನ್ನುವರು. ಅವರಿಗೆ ಅಲ್ಲಿಯವರು ಕೊಡುವ ಉತ್ತರವನ್ನು ಕೇಳಿ. ಶುಲ್ಕದ ಪಟ್ಟಿಯನ್ನು ಆಮೇಲೆ ನೋಡಬಹುದು.